ಹಟವಲ್ಲ, ಗುರುತು ಸಿಗದ ಗಲಿಬಿಲಿ

ಮಕ್ಕಳ ಊಟದ ಬಗ್ಗೆ ಈಚೆಗೆ ಓದಿದ ಲೇಖನವೊಂದರಲ್ಲಿ, ಹೊಸ ತಿನಿಸು ಮುಟ್ಟದ ಮಕ್ಕಳನ್ನು ಲೇಖಕರು ಸಲೀಸಾಗಿ ‘ಹಟಮಾರಿಗಳು’ ಎಂದುಬಿಟ್ಟಿದ್ದಾರೆ. ನಾನು ಒಪ್ಪುವುದಿಲ್ಲ. ನಾಲಿಗೆಗೆ ತಾಗುವ ಮೊದಲೇ ಬೇಡ ಅನ್ನುವ ಮಗು ರುಚಿಯನ್ನು ತಿರಸ್ಕರಿಸುತ್ತಿಲ್ಲ, ಕಣ್ಣಿಗೆ ಕಂಡದ್ದನ್ನು ತಿರಸ್ಕರಿಸುತ್ತಿದೆ. ದಿನಾ ತಿನ್ನುವ ಕ್ಯಾರೆಟ್ಟನ್ನೇ ದುಂಡಗೆ ಹೆಚ್ಚುವ ಬದಲು ತುರಿದು ಕೊಟ್ಟು ನೋಡಿ, ಎಷ್ಟೋ ಮಕ್ಕಳಿಗೆ ಅದು ಬೇರೆಯದೇ ವಸ್ತು. ಈ ಅಳುಕು ಸಾಮಾನ್ಯವಾಗಿ 2ರಿಂದ 6 ವರ್ಷದ ನಡುವೆ ಜೋರಾಗಿರುತ್ತದೆ. ಮಗು ನಡೆಯಲು ಕಲಿತು, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳಬಲ್ಲ ವಯಸ್ಸು ಅದು. ವಿಷದ ಕಾಯಿಯಿಂದ ಕಾಪಾಡಲು ಬಂದ ಎಚ್ಚರಿಕೆ ಇದು ಎಂದು ಅನೇಕ ಸಂಶೋಧಕರು ವಾದಿಸುತ್ತಾರೆ. ನನಗೂ ಅದು ಸರಿ ಅನಿಸುತ್ತದೆ.

ಕಣ್ಣು ಹೇಳಿದ್ದನ್ನು ನಂಬುವುದರಲ್ಲಿ ದೊಡ್ಡವರೇನು ಕಡಿಮೆಯೇ? 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಪ್ರಯೋಗದಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಿದ್ದರು. ವೈನ್ ತಯಾರಿಕೆಯನ್ನೇ ಓದುತ್ತಿದ್ದ 54 ವಿದ್ಯಾರ್ಥಿಗಳು ಕೆಂಪು ವೈನಿಗೆ ಬಳಸುವ ಪದಗಳಲ್ಲೇ ಅದರ ಪರಿಮಳವನ್ನು ಬಣ್ಣಿಸಿದರು! 2022ರಲ್ಲಂತೂ ಮಿದುಳಿನ ದೃಷ್ಟಿಭಾಗದಲ್ಲಿ ಆಹಾರದ ಚಿತ್ರಗಳಿಗೇ ಹೆಚ್ಚು ಸ್ಪಂದಿಸುವ ಜೀವಕೋಶಗಳ ಗುಂಪು ಇರುವುದನ್ನು ಸಂಶೋಧಕರು ವರದಿ ಮಾಡಿದರು.

‘ಒಂದು ತುತ್ತು ತಿಂದರೆ ಚಾಕೊಲೇಟ್’ ಎಂದು ಮಗುವಿಗೆ ಆಸೆ ತೋರಿಸಿ ಎಂಬ ಆ ಲೇಖನದ ಸಲಹೆಯೂ ನನಗೆ ಹಿಡಿಸಲಿಲ್ಲ. ಚಾಕೊಲೇಟ್ ಮೇಲಿನ ಆಸೆ ಬೆಳೆದೀತು, ಅಷ್ಟೇ. ಹೊಸ ತಿನಿಸನ್ನು ಒತ್ತಾಯವಿಲ್ಲದೆ ಹತ್ತು ಹದಿನೈದು ಸಲ ತಟ್ಟೆಯಲ್ಲಿ ಇಡಿ, ಮುಟ್ಟಲಿ, ಮೂಸಲಿ. ನನ್ನ ಮಗಳು ಮೂರು ವಾರ ಬರೀ ಬೆರಳಲ್ಲಿ ತಳ್ಳಿದಳು. ನಾಲ್ಕನೇ ವಾರ ಬೆರಳು ನೆಕ್ಕಿದಳು.