ಇಳಿತದ ಹೊತ್ತಿಗೆ ಶಾಲೆ ಹೊಳೆಗೆ ಹೋಗಲಿ

ಕುಮಟಾ, ಅಂಕೋಲಾ ಕಡೆಯಿಂದ ಬಂದು ಮುಂಬೈಯಲ್ಲಿ ನೆಲೆಸಿದ ನಮಗೆ ಕಡಲು ಹೊಸದಲ್ಲ. ಆದರೆ ಕಡಲ ಮುಂದೆ ಕೂತು ಪಾಠ ಕಲಿಯುವುದನ್ನು ನಾನು ನೋಡಿದ್ದು ಇಲ್ಲಿ. 2017ರಲ್ಲಿ ಶುರುವಾದ ‘ಮರೈನ್ ಲೈಫ್ ಆಫ್ ಮುಂಬೈ’ ಎಂಬ ನಾಗರಿಕರ ಬಳಗ ನೀರು ಇಳಿದ ಹೊತ್ತು ನೋಡಿಕೊಂಡು ಜನರನ್ನು ಗಿರ್ಗಾಂವ್ ಚೌಪಾಟಿ, ಹಾಜಿ ಅಲಿ, ಜುಹೂ ತೀರಗಳಿಗೆ ಕರೆದೊಯ್ಯುತ್ತದೆ. ಮಕ್ಕಳು ಕಲ್ಲಿನ ಸಂದಿಯಲ್ಲಿ ನಿಂತ ನೀರಿಗೆ ಬಗ್ಗಿ ಏಡಿ, ಶಂಖದಹುಳು, ಕಡಲಹೂ ಹುಡುಕುತ್ತಾರೆ. ಕಂಡದ್ದರ ಫೋಟೊ ತೆಗೆದು ಆಮೇಲೆ ಹೆಸರು ಪತ್ತೆ ಮಾಡಬೇಕು. “ಇದೇನೋ ನನಗೂ ಗೊತ್ತಿಲ್ಲ, ನೋಡೋಣ” ಎನ್ನುವ ದೊಡ್ಡವರು ಪಕ್ಕದಲ್ಲಿದ್ದರೆ ಮಗುವಿನ ಕಣ್ಣು ಎಷ್ಟು ಚುರುಕಾಗುತ್ತದೆ!

ನಮ್ಮ ಕುಮಟಾ ಬಳಿ ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಇದನ್ನೆಲ್ಲ ಬಲ್ಲವರು ದಿನಾ ನೀರಿಗಿಳಿಯುತ್ತಾರೆ. ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವ ಹೆಂಗಸರಿಗೆ ಇಂದು ಎಷ್ಟು ಹೊತ್ತಿಗೆ ನೀರು ಇಳಿಯುತ್ತದೆಂದು ಯಾರೂ ಹೇಳಬೇಕಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ತುಂಬ ಏರಿ ತುಂಬ ಇಳಿಯುತ್ತದೆ, ಅಷ್ಟಮಿ ಹೊತ್ತಿಗೆ ಏರಿಳಿತ ಕಡಿಮೆ. ದಿನದಿಂದ ದಿನಕ್ಕೆ ಇಳಿತ ಸುಮಾರು 50 ನಿಮಿಷ ತಡ. ಯಾವ ದಿಬ್ಬದ ಮರಳಲ್ಲಿ ಚಿಪ್ಪು ಸಿಗುತ್ತದೆಂದು ಕಾಲಿನ ಬೆರಳಿಗೇ ತಿಳಿಯುತ್ತದೆ. ಅವರ ಮನೆಯ ಹುಡುಗಿಯೇ ಶಾಲೆಯಲ್ಲಿ ಚಂದ್ರನ ಆಕರ್ಷಣೆಯ ಎರಡು ಅಂಕದ ಉತ್ತರ ಬಾಯಿಪಾಠ ಮಾಡುತ್ತಾಳೆ. ಅಮ್ಮನಿಗೆ ಗೊತ್ತಿರುವುದೂ ಪುಸ್ತಕದಲ್ಲಿರುವುದೂ ಒಂದೇ ಎಂದು ಅವಳಿಗೆ ಯಾರೂ ತೋರಿಸಿಕೊಡುವುದಿಲ್ಲ. ಇದು ನನಗೆ ಸಹಿಸಲಾಗದ ಸಂಗತಿ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಹೊರಗಿನವರೆಲ್ಲ ಬಂದು ಅಧ್ಯಯನ ಮಾಡುವ ಜಾಗದ ಮಕ್ಕಳಿಗೇ ಅದು ಪಾಠವಾಗಬೇಡವೇ?

ಎರಡೂ ಊರುಗಳನ್ನು ಹೋಲಿಸಿ ನೋಡಿದರೆ ಪ್ರಶ್ನೆಗಳು ತಾವಾಗಿ ಏಳುತ್ತವೆ. ಮಳೆಗಾಲದಲ್ಲಿ ಮುಂಬೈ ಪತ್ರಿಕೆಗಳು ಭರತ, ಅಂದರೆ ಕಡಲ ನೀರಿನ ಏರಿಕೆ, 4.5 ಮೀಟರ್ ದಾಟುವ ದಿನಗಳನ್ನು ಮೊದಲೇ ಅಚ್ಚು ಹಾಕುತ್ತವೆ. ಕಾರವಾರದಲ್ಲಿ ದೊಡ್ಡ ಭರತವೂ ಹೆಚ್ಚುಕಡಿಮೆ ಎರಡು ಮೀಟರ್. ಒಂದೇ ಅರಬ್ಬೀ ಸಮುದ್ರ, ಒಂದೇ ಚಂದ್ರ, ಮತ್ತೆ ಹೀಗೇಕೆ? ಮುಂಬೈಯಿಂದ ಗುಜರಾತಿನ ತನಕ ಕಡಲಡಿಯ ಆಳ ಕಡಿಮೆ ಇರುವ ನೆಲ ಬಹಳ ಅಗಲ, ಜೊತೆಗೆ ಖಂಬಾತ್ ಕೊಲ್ಲಿಯತ್ತ ದಡಗಳು ಕಿರಿದಾಗುತ್ತ ಹೋಗುವುದರಿಂದ ನೀರು ಮೇಲೇರುತ್ತದೆ. ಈ ಉತ್ತರವನ್ನು ಮಕ್ಕಳಿಗೆ ಮೊದಲೇ ಹೇಳಬಾರದು. ನಮ್ಮ ಅಳಿವೆಯ ದಡದ ತದಡಿ ಧಕ್ಕೆಯಲ್ಲಿ ಗುರುತು ಹಾಕಿದ ಕೋಲು ನೆಟ್ಟು, ಹದಿನೈದು ದಿನ ಪೂರ್ತಿ ನೀರಿನ ಮಟ್ಟ ಬರೆದಿಡಲಿ. ಮುಂಬೈಯ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಲಿ. ಗಣಿತ, ಭೂಗೋಳ, ಪಂಚಾಂಗ ಮೂರೂ ಅಲ್ಲೇ ಸಿಗುತ್ತವೆ. ಅಲ್ಲೇ ಹತ್ತಿರದ ಮಾಣಿಕಟ್ಟಾದ ಗಜನಿಗೆ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗೆ, ಹೋದರೆ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಇನ್ನೊಂದು ಪಾಠ.

ಮಗುವೂ ಬಳಚು ಹೆಕ್ಕಿಯೇ ಬದುಕಬೇಕೇ ಎಂದು ತಾಯಂದಿರು ಕೇಳಿಯಾರು. ನ್ಯಾಯವಾದ ಮಾತು. ಸೊಂಟಮಟ್ಟ ನೀರಲ್ಲಿ ನಿಂತು ದುಡಿದವರಿಗೆ ಮಕ್ಕಳು ಬೇರೆ ದಾರಿ ಹಿಡಿಯಲೆಂಬ ಆಸೆ ಇದ್ದೇ ಇರುತ್ತದೆ. ನಾನು ಕೇಳುತ್ತಿರುವುದು ದುಡಿಮೆಗೆ ಕಳಿಸಿ ಎಂದಲ್ಲ, ನೋಡಲು ಕಳಿಸಿ ಎಂದು. ನೋಡಿ ಲೆಕ್ಕ ಹಾಕಿದ ಹುಡುಗಿಗೆ ಮುಂದೆ ಕಾರವಾರದ ಕೋಡಿಬಾಗದಲ್ಲಿರುವ ಸಾಗರ ಜೀವಶಾಸ್ತ್ರ ವಿಭಾಗದ ಬಾಗಿಲು ಅಪರಿಚಿತ ಎನಿಸುವುದಿಲ್ಲ.

ಮಳೆ ನಿಂತು ಕಡಲು ಶಾಂತವಾದ ಮೇಲೆ, ಅಮಾವಾಸ್ಯೆಗೋ ಹುಣ್ಣಿಮೆಗೋ ಹತ್ತಿರದ ಒಂದು ಶನಿವಾರ ಶಾಲೆಯ ಮಕ್ಕಳನ್ನು ಹೊಳೆಗೆ ಕರೆದೊಯ್ದರೆ ಸಾಕು. ಜೀವಿಗಳ ಶಾಸ್ತ್ರೀಯ ಹೆಸರು ಹೇಳಲು ಕೋಡಿಬಾಗದ ವಿದ್ಯಾರ್ಥಿಗಳು ಬರಲಿ. ಎಲ್ಲಿ, ಯಾವಾಗ, ಹೇಗೆ ಎಂಬುದನ್ನು ಹೇಳಿಕೊಡಲು ಹೊಳೆಯ ಹೆಂಗಸರು ಬರಲಿ. ಅತಿಥಿ ಶಿಕ್ಷಕರಿಗೆ ಕೊಡುವ ಹಾಗೆ ಅವರಿಗೂ ಗೌರವಧನ ಸಲ್ಲಬೇಕು, ಅದು ಅವರ ಆ ದಿನದ ಗಳಿಕೆಗಿಂತ ಕಡಿಮೆ ಇರಬಾರದು. ಇದಕ್ಕೆ ಬೇಕಾದ ಹಣದಲ್ಲಿ ಪಾಲು ಕೊಡಲು ಮುಂಬೈಯಲ್ಲಿರುವ ನಾವು ಊರಿನವರು ಸಿದ್ಧರಿರಬೇಕು. ನಾನಂತೂ ಇದ್ದೇನೆ.