ಬಿದ್ದರೆ ಕಿವಿ ನೀಲಿಗಟ್ಟುತ್ತಾ?

ಹೊಟ್ಟೆ ಉರಿಯುತ್ತಿದೆ, ಬರೆದೇ ಬಿಡುತ್ತೇನೆ.

ಇವತ್ತು ನಮ್ಮ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸಿಂಗ್ ರೂಮಿಗೆ ಸಕಲೇಶಪುರದ ಕಡೆಯ ಹುಡುಗನೊಬ್ಬನನ್ನು ಕರೆತಂದರು. "ಮೆಟ್ಟಿಲಿಂದ ಬಿದ್ದ ಸಿಸ್ಟರ್" ಅಂದರು. ಮಂಡಿ ತರಚಿರಲಿಲ್ಲ, ಮೊಣಕೈಗೆ ಏನೂ ಆಗಿರಲಿಲ್ಲ. ಕಿವಿ ಮಾತ್ರ ನೀಲಿಗಟ್ಟಿತ್ತು. ತೊಡೆಯ ಹಿಂದೆ ಬಾಸುಂಡೆ, ಉದ್ದಕ್ಕೆ ಹೋಗಿ ಕೊನೆಯಲ್ಲಿ ಕುಣಿಕೆಯ ಹಾಗೆ ಬಾಗಿತ್ತು. ವೈರು ಮಡಚಿ ಹೊಡೆದರೆ ಏಳುವ ಗುರುತು ಅದು. ಡ್ಯೂಟಿಯಲ್ಲಿದ್ದವರು ಪುಸ್ತಕದಲ್ಲಿ "ಬಿದ್ದು ಗಾಯ" ಅಂತ ಬರೆದು ಮುಲಾಮು ಕೊಟ್ಟು ಕಳಿಸುವುದರಲ್ಲಿದ್ದರು. ನಾನು ಬಿಡಲಿಲ್ಲ. ಜಗಳವೇ ಆಯಿತು. ಕೊನೆಗೆ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು ಅಂತ ದಾಖಲಾಯಿತು, ಮಕ್ಕಳ ಸಹಾಯವಾಣಿ 1098ಕ್ಕೆ ಫೋನೂ ಹೋಯಿತು.

ಆಡಿ ಬೀಳುವ ಮಗುವಿಗೆ ಮೂಳೆ ಎದ್ದಿರುವ ಕಡೆ ಪೆಟ್ಟಾಗುತ್ತದೆ: ಹಣೆ, ಮಂಡಿ, ಮೊಣಕಾಲ ಕೆಳಗೆ. ಕಿವಿ, ಕುತ್ತಿಗೆ, ಕೆನ್ನೆ, ಬೆನ್ನು, ಕುಂಡಿ ಅಂದರೆ ಅನುಮಾನ ಬರಲೇಬೇಕು. ಇನ್ನೂ ಮಗುಚಿಕೊಳ್ಳದ ಕೂಸಿನ ಮೈಮೇಲೆ ಕಂದಿದ ಗುರುತು ಇದ್ದರೆ ಅದು ಬಿದ್ದದ್ದು ಹೇಗೆ? ಬಿಸಿನೀರು ಚೆಲ್ಲಿಕೊಂಡರೆ ಸುಟ್ಟ ಗಾಯ ಅಲ್ಲಲ್ಲಿ ಸಿಡಿದಂತಿರುತ್ತದೆ. ಎರಡೂ ಪಾದಕ್ಕೆ ಕಾಲುಚೀಲ ಹಾಕಿದಂತೆ ಒಂದೇ ಗೆರೆಗೆ ಸುಟ್ಟಿದ್ದರೆ ಯಾರೋ ಅದ್ದಿದ್ದಾರೆ ಅಂತಲೇ ಯೋಚಿಸಬೇಕು.

ಇದೇನು ಹೊಸ ವಿಷಯ ಅಲ್ಲ. ಅಮೆರಿಕದ ಮಕ್ಕಳ ವೈದ್ಯ ಹೆನ್ರಿ ಕೆಂಪಿ ಮತ್ತು ಅವರ ಜೊತೆಗಾರರು ಹೀಗೆ ಏಟು ತಿಂದ ಮಕ್ಕಳ ಬಗ್ಗೆ 1962ರಲ್ಲೇ ಬರೆದರು. ಹೆತ್ತವರೇ ಹೀಗೆ ಮಾಡುತ್ತಾರೆ ಅಂತ ನಂಬಲು ವೈದ್ಯರಿಗೇ ಮನಸ್ಸು ಬರುವುದಿಲ್ಲ ಅಂತಲೂ ಹೇಳಿದ್ದರು. ಇವತ್ತು ಹಾಸನದಲ್ಲಿ ನಾನು ನೋಡಿದ್ದೂ ಅದನ್ನೇ.

ಎಸ್ಟೇಟ್ ಕೂಲಿಯವರ ಲೈನ್ ಮನೆಗಳಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಎಸ್ಟೇಟ್ ಬಂಗಲೆಯಿಂದ ಕಾರಿನಲ್ಲಿ ಬಂದ ಮಕ್ಕಳ ಬೆನ್ನಿನ ಮೇಲೂ ಬೆಲ್ಟಿನ ಗುರುತು ನೋಡಿದ್ದೇನೆ.

"ನಾವೂ ಏಟು ತಿಂದೇ ಬೆಳೆದದ್ದು, ಏನಾಯ್ತೀಗ?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಏನಾಯ್ತು ಅಂದರೆ, ಮಗುವಿನ ಬಾಸುಂಡೆ ನೋಡಿಯೂ ನಿಮಗೆ ಏನೂ ಅನ್ನಿಸುತ್ತಿಲ್ಲ, ಅದೇ ಆಗಿದ್ದು. ಶಾಲೆಯಲ್ಲಿ ಹೊಡೆಯಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಮಗುವನ್ನು ನೋಡಿಕೊಳ್ಳಬೇಕಾದವರೇ ಹಿಂಸಿಸಿದರೆ 2015ರ ಬಾಲನ್ಯಾಯ ಕಾಯ್ದೆಯಡಿ 3 ವರ್ಷದವರೆಗೆ ಜೈಲಾಗಬಹುದು.

ಹೈಸ್ಕೂಲು ಮಕ್ಕಳದ್ದು ಇನ್ನೂ ಕಷ್ಟ. ಏಟು ತಡೆಯಲು ಕೈ ಅಡ್ಡ ಹಿಡಿದಿರುತ್ತಾರೆ, ಮುಂಗೈಯ ಹೊರಬದಿ ಪೂರ್ತಿ ಗಾಯ. ಸೆಕೆಗಾಲದಲ್ಲೂ ತುಂಬುತೋಳು ಹಾಕಿ ಮುಚ್ಚಿಕೊಳ್ಳುತ್ತಾರೆ. ಕೇಳಿದರೆ ತಾವೇ "ಬಿದ್ದೆ" ಅನ್ನುತ್ತಾರೆ. ಅಪ್ಪ ಪಕ್ಕದಲ್ಲೇ ನಿಂತಿರುವಾಗ ಇನ್ನೇನು ಹೇಳಬೇಕು ಆ ಮಗು? ಮೇಷ್ಟ್ರೇ, ಡಾಕ್ಟ್ರೇ, ಮೊದಲು ಅಪ್ಪನನ್ನು ಹೊರಗೆ ಕೂರಿಸಿ. ಆಮೇಲೆ ಇನ್ನೊಂದು ಸಲ ಕೇಳಿ.