ಪಾರ್ಟಿ ಮಾಡಿದ್ರಂತೆ, ಅದೂ ಸ್ಟುಡಿಯೋ ಖರ್ಚಲ್ಲಿ!

ಗೆಳೆಯರೊಬ್ಬರು ನಿನ್ನೆ 'ದಿಸ್ ಈಸ್ ದಿ ಎಂಡ್' ಅನ್ನೋ ಹಾಲಿವುಡ್ ಕಾಮಿಡಿ ನೋಡಿ ಒಂದೇ ಸಾಲಲ್ಲಿ ಕೈ ತೊಳೆದುಕೊಂಡಿದ್ದಾರೆ. ದುಡ್ಡಿರುವ ನಟರು ಸ್ಟುಡಿಯೋ ಖರ್ಚಲ್ಲಿ ಪಾರ್ಟಿ ಮಾಡಿದ್ದಾರೆ, ಬರೀ ಪೋಲಿ ಮಾತು, ಅಷ್ಟೇ ಅಂತೆ. 2013ರಲ್ಲಿ ಸಿನಿಮಾ ಬಂದಾಗ ಮೆಚ್ಚಿದ ವಿಮರ್ಶಕರೇ ಜಾಸ್ತಿ. ಮೆಚ್ಚದವರ ದೂರು ಮಾತ್ರ ಆಗಲೂ ಇದೇ ಆಗಿತ್ತು.

ಅಲ್ಲ ಸ್ವಾಮಿ, ಪಾರ್ಟಿಯೇ ಅಲ್ವಾ ಕಥೆ! ಸೇತ್ ರೋಗನ್, ಜೋನಾ ಹಿಲ್ ಎಲ್ಲ ತಮ್ಮ ಹೆಸರಲ್ಲೇ ಬರುತ್ತಾರೆ. ಜೇಮ್ಸ್ ಫ್ರಾಂಕೋ ಮನೆಯಲ್ಲಿ ಪಾರ್ಟಿ. ಹೊರಗೆ ಪ್ರಳಯ. ಒಳ್ಳೆಯವರನ್ನೆಲ್ಲ ನೀಲಿ ಬೆಳಕು ಸ್ವರ್ಗಕ್ಕೆ ಎತ್ತಿಕೊಂಡು ಹೋಗುತ್ತದೆ. ಆ ಮನೆಯಿಂದ ಒಬ್ಬರೂ ಹೋಗುವುದಿಲ್ಲ. ಇದು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳೋದಾ?

ಜೋನಾ ಹಿಲ್ ಪ್ರಾರ್ಥನೆ ಮಾಡುವ ದೃಶ್ಯ ನೋಡಿ. ನಾನು 'ಮನಿಬಾಲ್' ಸಿನಿಮಾದ ಜೋನಾ ಹಿಲ್ ಅಂತ ದೇವರಿಗೇ ಪರಿಚಯ ಹೇಳಿಕೊಳ್ಳುತ್ತಾನೆ! ಆಮೇಲೆ ಕೇಳುವ ವರ ಏನು? ಅದೇ ಮನೆಯಲ್ಲಿ ಜೊತೆಗೆ ಸಿಕ್ಕಿಬಿದ್ದಿರುವ ನಟ ಜೇ ಬರೂಶೆಲ್ ಸಾಯಲಿ ಅಂತ. ಅರ್ಚನೆ ಮಾಡಿಸುವಾಗ ಗೋತ್ರ, ನಕ್ಷತ್ರ ಎರಡೆರಡು ಸಲ ಹೇಳುವ ನನಗೆ ಇದು ಸ್ವಲ್ಪ ಜಾಸ್ತಿಯೇ ನಾಟಿತು, ಇರಲಿ.

ಇನ್ನು ಅತಿಥಿ ಪಾತ್ರಗಳು. ನಮ್ಮಲ್ಲಾದರೆ ಸ್ಲೋ ಮೋಷನ್ ಎಂಟ್ರಿ, ಶಿಳ್ಳೆ. ಇಲ್ಲಿ ಪಾಪದ ಹುಡುಗನ ಪಾತ್ರಗಳಿಗೇ ಹೆಸರಾದ ಮೈಕೆಲ್ ಸೆರಾ ಕೊಕೇನ್ ಎಳೆದು, ಗಾಯಕಿ ರಿಹಾನಾ ಕೈಲಿ ಕೆನ್ನೆಗೆ ತಿಂದು, ಬೀದಿದೀಪದ ಕಂಬ ಹೊಕ್ಕು ಸಾಯುತ್ತಾನೆ. ಇಂಥ ಪಾತ್ರ ಒಪ್ಪೋಕೆ ನಮ್ಮ ಯಾವ ಹೀರೋಗೆ ಧೈರ್ಯ ಇದೆ ಹೇಳಿ?

ಮಧ್ಯದಲ್ಲಿ ಎಳೆಯುತ್ತದೆ, ಸರಿ. ಎಮ್ಮಾ ವಾಟ್ಸನ್ ಇರುವ ಕಡೆ ಅತ್ಯಾಚಾರದ ಮೇಲೆ ಮಾಡಿದ ಜೋಕು ನನಗೂ ಹಿಡಿಸಲಿಲ್ಲ. ಪುಣ್ಯಕ್ಕೆ ಅವಳು ಕೊಡಲಿ ಹಿಡಿದು ಎಲ್ಲ ದೋಚಿಕೊಂಡು ಹೋಗುತ್ತಾಳೆ. ಆದರೆ ದೂರುವವರು ಇದನ್ನೆಲ್ಲಿ ಹೇಳುತ್ತಾರೆ? ಅವರಿಗೆ ಸ್ಟುಡಿಯೋ ದುಡ್ಡಿನದೇ ಚಿಂತೆ! 3.2 ಕೋಟಿ ಡಾಲರ್ ಹಾಕಿ 12 ಕೋಟಿಗೂ ಮೇಲೆ ಎತ್ತಿದ್ದಾರೆ ಮಾರಾಯ್ರೆ. ಸ್ಟುಡಿಯೋದವರಿಗೇ ಇಲ್ಲದ ಹೊಟ್ಟೆನೋವು ನಿಮಗ್ಯಾಕೆ?

ಫ್ರಾಂಕೋ ಗತಿಯನ್ನಾದರೂ ನೋಡಬೇಕಿತ್ತು. ಗೆಳೆಯರಿಗಾಗಿ ಪ್ರಾಣ ಕೊಡಲು ಮುಂದಾಗಿ ಸ್ವರ್ಗಕ್ಕೆ ಏರುತ್ತಿರುತ್ತಾನೆ. ಸುಮ್ನೆ ಹೋಗಬಾರದಾ? ಕೆಳಗೆ ನರಭಕ್ಷಕರ ಗ್ಯಾಂಗ್ ಕಟ್ಟಿಕೊಂಡಿದ್ದ ನಟ ಡ್ಯಾನಿ ಮೆಕ್‌ಬ್ರೈಡ್‌ಗೆ ಬೆರಳು ತೋರಿಸಿ ಹಂಗಿಸುತ್ತಾನೆ. ಬೆಳಕು ಫಟ್ ಅಂತ ಆರಿ ಕೆಳಗೆ ಬೀಳುತ್ತಾನೆ. ಮೆಕ್‌ಬ್ರೈಡ್ ಗ್ಯಾಂಗ್ ಅವನನ್ನು ತಿಂದೇ ಹಾಕುತ್ತದೆ. ತಮ್ಮ ಪಾರ್ಟಿಯ ಯಜಮಾನನಿಗೇ ಇಂಥ ಗತಿ ಬರೆದುಕೊಂಡವರನ್ನು ಮೋಜು ಮಾಡಿದರು ಅನ್ನೋರಿಗೆ ಏನು ಹೇಳಲಿ.

ಪೋಲಿ ಅನ್ನಿ, ನೂರಕ್ಕೆ ನೂರು ಒಪ್ಪುತ್ತೇನೆ. ಮನೆಯಲ್ಲಿ ಅತ್ತೆ, ಮಾವ, ಮಕ್ಕಳಿದ್ದಾಗ ಮಾತ್ರ ಹಾಕಬೇಡಿ. ಹಾಕಿ ಆಮೇಲೆ ನನಗೆ ಬೈದರೆ ಅನ್‌ಫ್ರೆಂಡ್ ಮಾಡುತ್ತೇನೆ.